ಬೆಂಕಿಪೊಟ್ಟಣದ ಭೂತ

ಬರಿದಾದ ಬೆಂಕಿಪೊಟ್ಟಣ, ಅಡಿಗೆಮನೆಯಿಂದ ಹೊರಬಿದ್ದ ಎಲುಬಿನ ತುಂಡು, ಕೂದಲು ಸವೆದ ಬ್ರಷ್ಷು, ಕೆಟ್ಟುಹೋದ ವಿದ್ಯುತ್ ಸಾಕೆಟ್ಟು, ಒಡೆದ ಕಾಯಿಯ ಸಿಪ್ಪೆ, ತೋಳು ಹರಿದ ಅಂಗಿ—ಇವನ್ನೆಲ್ಲ ಒಂದೆಡೆ ಗುಡ್ಡೆಹಾಕಿ ತೋರಿಸಿದರೆ ಯಾವ ಗೃಹಿಣಿಯಾದರೂ ಮೊದಲು ಹುಡುಕುವುದು ಪೊರಕೆಯನ್ನು. ಆದರೆ ಇಂಥದೇ ಕಸದಿಂದ ಹುಟ್ಟಿದ ಮೂವತ್ತು ಗೊಂಬೆಗಳು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಕಲಾಮಂದಿರವೊಂದರಲ್ಲಿ ಇಂದು ರಾಜಮರ್ಯಾದೆಯಿಂದ ಬಾಳುತ್ತಿವೆ. ಅವುಗಳಲ್ಲಿ ಒಂದರ ಹೆಸರು ‘ಬೆಂಕಿಪೊಟ್ಟಣದ ಭೂತ’. ಇನ್ನೊಂದು ‘ವಿದ್ಯುತ್ ಪಿಶಾಚಿ’. ಮತ್ತೊಬ್ಬನು ಮೊರದಗಲ ಕಿವಿಯ ವಿದೂಷಕ. ಕಿರೀಟ ಧರಿಸಿದ ಕವಿಯೊಬ್ಬನೂ ಆ ಸಭೆಯಲ್ಲಿದ್ದಾನೆ.

ಈ ವಿಚಿತ್ರ ಪರಿವಾರವನ್ನು ಸೃಷ್ಟಿಸಿದವನು ಇಪ್ಪತ್ತನೆಯ ಶತಮಾನದ ಯೂರೋಪಿನ ಮಹಾ ಚಿತ್ರಕಾರರಲ್ಲೊಬ್ಬನಾದ ಪಾಲ್ ಕ್ಲೇ. ಪ್ರದರ್ಶನಕ್ಕಾಗಿ ಅವನು ಇವನ್ನು ಮಾಡಲಿಲ್ಲ, ಮಾರುವುದಕ್ಕಾಗಿಯೂ ಅಲ್ಲ. ಗೊಂಬೆ ಬೇಕೆಂದು ಮಗನು ಆಸೆಪಟ್ಟನು. ತಂದೆಯು ಕೈಗೆ ಸಿಕ್ಕಿದುದರಲ್ಲಿ ಮಾಡಿಕೊಟ್ಟನು. 1916ರಿಂದ 1925ರವರೆಗೆ ಹೀಗೆ ಸುಮಾರು ಐವತ್ತು ಗೊಂಬೆಗಳು ತಯಾರಾದವು.

ಅಡಿಗೆಮನೆಯ ಕಲಾವಿದ

ಕ್ಲೇ 1879ರಲ್ಲಿ ಬರ್ನ್ ನಗರದ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದನು. ತಂದೆ ಜರ್ಮನಿಯವನು, ಸಂಗೀತದ ಉಪಾಧ್ಯಾಯ. ತಾಯಿ ಸ್ವಿಸ್ ಮನೆತನದ ಹೆಣ್ಣು. ಮಗನೂ ಪಿಟೀಲು ವಾದನದಲ್ಲಿ ಚೆನ್ನಾಗಿ ಪಳಗಿದ್ದನು. ಸಂಗೀತವೋ ಚಿತ್ರಕಲೆಯೋ ಎಂದು ತೂಗಿ ನೋಡಿ ಕಡೆಗೆ ಚಿತ್ರಕಲೆಯನ್ನೇ ಹಿಡಿದನು. 1906ರಲ್ಲಿ ಪಿಯಾನೋ ವಾದಕಿ ಲಿಲಿ ಸ್ಟುಂಫ್ ಎಂಬಾಕೆಯನ್ನು ಮದುವೆಯಾಗಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರ ಹೂಡಿದನು. ಮರುವರ್ಷ, 1907ರ ನವೆಂಬರ್ 30ರಂದು, ಫೆಲಿಕ್ಸ್ ಹುಟ್ಟಿದನು. ದಂಪತಿಗಳಿಗೆ ಅವನೊಬ್ಬನೇ ಮಗ.

ಚಿತ್ರಗಳನ್ನು ಕೊಳ್ಳುವವರು ಆ ದಿನಗಳಲ್ಲಿ ಬಹಳ ವಿರಳ. ಲಿಲಿ ಪಿಯಾನೋ ಪಾಠ ಹೇಳಿ ಸಂಪಾದಿಸಿದ ಹಣವೇ ಸಂಸಾರಕ್ಕೆ ಆಧಾರ. ಆದ್ದರಿಂದ ಹೆಂಡತಿ ಪಾಠಕ್ಕೆ, ಗಂಡ ಮನೆಗೆಲಸಕ್ಕೆ ಎಂದು ಏರ್ಪಾಡಾಯಿತು. ಅಡಿಗೆ ಮಾಡುವವನು ಕ್ಲೇ. ಮಗುವಿಗೆ ಸ್ನಾನ ಮಾಡಿಸಿ ಉಣಿಸಿ ಮಲಗಿಸುವವನೂ ಅವನೇ. ಉಳಿದ ಹೊತ್ತಿನಲ್ಲಿ ಅಡಿಗೆಮನೆಯೇ ಚಿತ್ರಶಾಲೆ. ಇಂಥ ಏರ್ಪಾಡನ್ನು ಕಂಡರೆ ಇಂದಿಗೂ ನಮ್ಮ ಬಡಾವಣೆಗಳಲ್ಲಿ ನೆರೆಯವರು ಕಿಟಕಿಯಲ್ಲಿ ಇಣುಕಿ ನೋಡಿಯಾರು. ಒಂದು ಶತಮಾನದ ಹಿಂದಿನ ಜರ್ಮನಿಯಲ್ಲಿ ಜನ ಏನೆಂದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಕ್ಲೇ ಮಾತ್ರ ಈ ಕರ್ತವ್ಯವನ್ನು ಅತ್ಯಂತ ನಿಷ್ಠೆಯಿಂದ ನಡೆಸಿದನು. ಮಗುವಿನ ತೂಕವೆಷ್ಟು, ಮೈ ಕಾವೆಷ್ಟು, ಯಾವ ದಿನ ಯಾವ ಮಾತನ್ನು ತೊದಲಿತು ಎಂಬುದನ್ನೆಲ್ಲ ‘ಫೆಲಿಕ್ಸ್ ಪಂಚಾಂಗ’ವೆಂಬ ದಿನಚರಿಯಲ್ಲಿ ಬರೆದಿಡುತ್ತಿದ್ದನು.

ಆಟಿಕೆಗಳನ್ನು ಅಂಗಡಿಯಿಂದ ತರುವ ಬದಲು ಮನೆಯಲ್ಲೇ ಮಾಡುವ ಪದ್ಧತಿಯೂ ಆಗಲೇ ಆರಂಭವಾಯಿತು. ರಟ್ಟನ್ನು ಕತ್ತರಿಸಿ ರೈಲ್ವೆ ನಿಲ್ದಾಣ ಕಟ್ಟಿದುದುಂಟು. ಆದರೆ ಬಾಲಕನ ಮನಸ್ಸನ್ನು ಸೆಳೆದುದು ಬೇರೊಂದು ವಸ್ತು. ಮ್ಯೂನಿಕ್ಕಿನಲ್ಲಿ ‘ಔವರ್ ಡುಲ್ಟ್’ ಎಂಬ ಸಂತೆ ಸೇರುವುದು ವಾಡಿಕೆ. ಹಳೆಯ ಸಾಮಾನುಗಳ ರಾಶಿಯ ನಡುವೆ ಅಲ್ಲಿ ಕೈಗೊಂಬೆಯಾಟದ ಡೇರೆಯೂ ಇರುತ್ತಿತ್ತು. ತಂದೆಯು ಚಿಂದಿ ಅಂಗಡಿಗಳಲ್ಲಿ ಮೈಮರೆತಿದ್ದರೆ ಮಗನು ಆ ಡೇರೆಯ ಮುಂದೆ ಮೈಮರೆಯುತ್ತಿದ್ದನು. ಅಲ್ಲಿಯ ನಾಯಕನು ಕಾಸ್ಪರ್ಲ್—ಚೂಪು ಟೋಪಿಯ, ಚೂಪು ಮಾತಿನ ತುಂಟ. ಪೋಲೀಸನಿಗೆ ಹೆದರನು, ಸೈತಾನನಿಗೂ ಹೆದರನು. ದೊಣ್ಣೆ ಹಿಡಿದು ಎಲ್ಲರಿಗೂ ಬುದ್ಧಿ ಕಲಿಸುವನು. ನಮ್ಮ ತೊಗಲುಗೊಂಬೆಯಾಟದಲ್ಲಿ ರಾಮಾಯಣದ ನಡುವೆ ತಟಕ್ಕನೆ ನುಗ್ಗಿ, ಹೆಂಡತಿ ಬಂಗಾರಕ್ಕನೊಡನೆ ಜಗಳವಾಡಿ ಜನರನ್ನು ನಗಿಸುವ ಕಿಳ್ಳೇಕ್ಯಾತನನ್ನು ಬಲ್ಲವರಿಗೆ ಕಾಸ್ಪರ್ಲನ ಪರಿಚಯವನ್ನು ಬೇರೆ ಹೇಳಬೇಕಾಗಿಲ್ಲ. ಇಂಥವನೊಬ್ಬನು ಮನೆಯಲ್ಲೇ ಇದ್ದರೆ!

ಯುದ್ಧಕಾಲದ ಉಡುಗೊರೆ

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಯೂರೋಪನ್ನು ನುಂಗುತ್ತಿತ್ತು. 1916ರ ಮಾರ್ಚ್ 4ರಂದು ಕ್ಲೇಯ ಆಪ್ತಮಿತ್ರ, ಚಿತ್ರಕಾರ ಫ್ರಾಂಜ್ ಮಾರ್ಕ್, ವರ್ಡನ್ ರಣರಂಗದಲ್ಲಿ ಮಡಿದನು. ಆ ದುಃಖ ಆರುವ ಮುನ್ನ, ಒಂದೇ ವಾರದಲ್ಲಿ, ಕ್ಲೇಗೂ ಸೈನ್ಯದಿಂದ ಕರೆ ಬಂದಿತು. ತಂದೆಯ ಪೌರತ್ವವೇ ಮಗನದೂ ಆದುದರಿಂದ, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಬೆಳೆದಿದ್ದರೂ ಅವನು ಕಾನೂನಿನ ಪ್ರಕಾರ ಜರ್ಮನ್ ಪ್ರಜೆ. ಅದೃಷ್ಟವಶಾತ್ ಅವನು ಕಂದಕಗಳಿಗೆ ಹೋಗಬೇಕಾಗಲಿಲ್ಲ. ಮ್ಯೂನಿಕ್ಕಿಗೆ ಸಮೀಪದ ಶ್ಲೈಸ್‌ಹೈಮಿನ ವಿಮಾನ ನೆಲೆಯಲ್ಲಿ ವಿಮಾನಗಳಿಗೆ ಬಣ್ಣ ಬಳಿಯುವ ಕೆಲಸ ದೊರೆಯಿತು. ಮಹಾ ವರ್ಣಚಿತ್ರಕಾರನಿಗೆ ಸರಕಾರ ಕೊಟ್ಟ ಬಣ್ಣದ ಕೆಲಸ ಇದು!

ಆ ವರ್ಷದ ಚಳಿಗಾಲವನ್ನು ಜರ್ಮನರು ಇಂದಿಗೂ ‘ಟರ್ನಿಪ್ ಚಳಿಗಾಲ’ವೆಂದು ನೆನೆಯುತ್ತಾರೆ. ಆಲೂಗಡ್ಡೆಯ ಬೆಳೆ ಕೆಟ್ಟು, ದನಗಳಿಗೆ ಹಾಕುವ ಗೆಡ್ಡೆಯನ್ನು ಜನರು ತಿಂದು ಬದುಕಬೇಕಾಗಿತ್ತು. ಆ ದಿನಗಳಲ್ಲಿ ಆಟದ ಸಾಮಾನಿನ ಮಾತೆತ್ತುವವರಾರು? ಆದರೂ ನವೆಂಬರ್ 30 ಬಂದೇ ಬಂದಿತು. ಫೆಲಿಕ್ಸನಿಗೆ ಒಂಬತ್ತು ವರ್ಷ ತುಂಬಿತು. ಅಂದು ಅವನಿಗೆ ಸಂದ ಉಡುಗೊರೆ ಎಂಟು ಕೈಗೊಂಬೆಗಳು. ಕಾಸ್ಪರ್ಲ್, ಅವನ ಸಂಗಾತಿ ಗ್ರೆಟ್ಲ್, ಪೋಲೀಸ್, ಸೈತಾನ, ಮೊಸಳೆ—ಸಂತೆಯ ಡೇರೆಯಲ್ಲಿ ಕಂಡವರೇ ಮನೆಗೆ ಇಳಿದುಬಂದಿದ್ದರು. ಅವರೊಡನೆ ಯಮನೂ ಬಂದಿದ್ದನು. ‘ಶ್ರೀಮಾನ್ ಮೃತ್ಯು’ ಎಂಬ ಗೌರವದ ಹೆಸರಿನ ಆ ಗೊಂಬೆಗೆ ಬಿಳಿಯ ಬುರುಡೆಯ ತಲೆ. ದಿನದಿನವೂ ಸಾವಿನ ತಂತಿಗಳು ಬೀದಿಬೀದಿಗೆ ಬರುತ್ತಿದ್ದಾಗ ಮಗನ ಆಟಕ್ಕೆ ಮೃತ್ಯುವನ್ನೇ ಗೊಂಬೆ ಮಾಡಿಕೊಟ್ಟ ಆ ತಂದೆಯ ಮನಸ್ಸಿನಲ್ಲಿ ಏನಿತ್ತೋ! ಮಗನಂತೂ ಕಾಸ್ಪರ್ಲನ ದೊಣ್ಣೆಯಿಂದ ಅವನನ್ನೂ ಬಾರಿಸಬಹುದಾಗಿತ್ತು.

ಈ ಮೊದಲ ತಂಡದ ಉಡುಪುಗಳನ್ನು ಹೊಲಿದುಕೊಟ್ಟವಳು ಸಾಶಾ ಎಂಬ ತರುಣಿ. ಮುಂದೆ ಮದುವೆಯಾಗಿ ಸಾಶಾ ಮೊರ್ಗೆಂಥಾಲರ್ ಎಂಬ ಹೆಸರಿನಿಂದ ಲೋಕಪ್ರಸಿದ್ಧ ಬೊಂಬೆಗಾರ್ತಿಯಾದವಳು ಈಕೆಯೇ. ಅನಂತರದ ಗೊಂಬೆಗಳಿಗೆ ಕ್ಲೇ ತಾನೇ ಸೂಜಿ ಹಿಡಿದನು. ರಂಗಮಂಟಪಕ್ಕೂ ಖರ್ಚಿಲ್ಲ, ಚಿತ್ರಕಾರನ ಮನೆಯಲ್ಲಿ ಹಳೆಯ ಚಿತ್ರದ ಚೌಕಟ್ಟುಗಳಿಗೆ ಬರವೇ? ಬಾಗಿಲಿಗೆ ಖಾಲಿ ಚೌಕಟ್ಟನ್ನು ತೂಗಿಬಿಟ್ಟರೆ ನಾಟಕಶಾಲೆ ಸಿದ್ಧವಾಗುತ್ತಿತ್ತು.

ಕಸವು ತೋರಿದ ಮುಖ

ಕೈಗೊಂಬೆಯ ರಚನೆ ಅತಿ ಸರಳ. ಟೊಳ್ಳಾದ ಕುತ್ತಿಗೆಯ ಮೇಲೊಂದು ತಲೆ. ಕುತ್ತಿಗೆಗೆ ಕಟ್ಟಿದ ನಿಲುವಂಗಿ. ಅಂಗಿಯೊಳಗೆ ಕೈ ತೂರಿಸಿ ತೋರುಬೆರಳನ್ನು ಕುತ್ತಿಗೆಗೆ, ಹೆಬ್ಬೆರಳು ಮತ್ತು ನಡುಬೆರಳುಗಳನ್ನು ಎರಡು ತೋಳುಗಳಿಗೆ ಕೊಟ್ಟರೆ ಜೀವ ಬಂದಂತೆಯೇ. ಸೂತ್ರದ ಗೊಂಬೆಗೆ ಬೇಕಾಗುವ ವರ್ಷಾನುಗಟ್ಟಲೆಯ ಅಭ್ಯಾಸ ಇದಕ್ಕೆ ಬೇಡ. ಆದರೆ ಒಂದು ಕೊರತೆಯುಂಟು: ಈ ಗೊಂಬೆಯು ಕಣ್ಣು ಮಿಟುಕಿಸದು, ತುಟಿ ಅಲುಗಿಸದು. ನಗುವೂ ಅಳುವೂ ಅದೇ ಮುಖದಲ್ಲಿ ಕಾಣಬೇಕು. ತಲೆಯನ್ನು ತುಸು ಬಾಗಿಸಿದಾಗ ಹುಬ್ಬಿನ ನೆರಳು ಕಣ್ಣಿನ ಮೇಲೆ ಬೀಳುವುದು, ಎತ್ತಿದಾಗ ಬೆಳಕು ಬೀಳುವುದು—ಅಷ್ಟರಿಂದಲೇ ಎಲ್ಲ ಭಾವವೂ ಹುಟ್ಟಬೇಕು. ಆದುದರಿಂದ ಮೂಗು, ಹುಬ್ಬು, ಗಲ್ಲಗಳನ್ನು ದೊಡ್ಡದಾಗಿ, ಒರಟಾಗಿ ಮಾಡಬೇಕಾಗುವುದು. ನವುರಾದ ಸುಂದರ ಮುಖವು ನಾಲ್ಕು ಗಜ ದೂರದಿಂದ ಬರಿಯ ಮೊಟ್ಟೆಯಂತೆ ಕಂಡೀತು.

ಮೊದಮೊದಲು ಕ್ಲೇ ಮಾಡಿದುದು ಎಲ್ಲರೂ ಮಾಡುವ ರೀತಿಯಲ್ಲೇ: ಯಾವ ಪಾತ್ರ ಬೇಕೆಂದು ಮೊದಲು ನಿಶ್ಚಯಿಸುವುದು, ಅನಂತರ ಗಾರೆಯ ಪುಡಿಯಿಂದ ತಲೆ ಮಾಡಿ ಬಣ್ಣ ಬಳಿಯುವುದು. ವರ್ಷಗಳು ಕಳೆದಂತೆ ಈ ಕ್ರಮ ತಲೆಕೆಳಗಾಯಿತು. ವಸ್ತು ಮೊದಲು, ಪಾತ್ರ ಆಮೇಲೆ. ಕೆಟ್ಟ ಸಾಕೆಟ್ಟೊಂದು ಕೈಗೆ ಬಂದಿತು. ಅದನ್ನು ತಿರುಗಿಸಿ ನೋಡಿದಾಗ ಅದರಲ್ಲೇ ಒಂದು ಮುಖ ಅಡಗಿತ್ತು. ಅದಕ್ಕೊಂದು ಅಂಗಿ ತೊಡಿಸಿದೊಡನೆ 1923ರ ‘ವಿದ್ಯುತ್ ಪಿಶಾಚಿ’ ಎದ್ದು ನಿಂತಿತು. ಮನೆಮನೆಗೂ ವಿದ್ಯುತ್ತು ಇನ್ನೂ ಹೊಸದಾಗಿ ಬರುತ್ತಿದ್ದ ಕಾಲವದು. ಗೋಡೆಯೊಳಗೆ ಅವಿತು, ಮುಟ್ಟಿದರೆ ಹೊಡೆಯುವ ಆ ಶಕ್ತಿಗೆ ಪಿಶಾಚಿಯೆನ್ನದೆ ಮಕ್ಕಳು ಮತ್ತೇನೆಂದಾರು? 1925ರಲ್ಲಿ ಬೆಂಕಿಪೊಟ್ಟಣಗಳೇ ತಲೆಯಾದ ಭೂತವು ಬಂದಿತು. ದನದ ಎಲುಬು, ಬ್ರಷ್ಷಿನ ಬಿರುಗೂದಲು, ಕಾಯಿಗಳ ಸಿಪ್ಪೆ, ತುಪ್ಪುಳು ಚರ್ಮದ ಚೂರು, ಹಳೆಯ ಬಟ್ಟೆ—ಯಾವುದೂ ಬೇಡವಾಗಲಿಲ್ಲ. ಅವುಗಳ ರೂಪವನ್ನು ಮರೆಮಾಚಲು ಅವನು ಪ್ರಯತ್ನಿಸಲೂ ಇಲ್ಲ. ಬೆಂಕಿಪೊಟ್ಟಣವು ಬೆಂಕಿಪೊಟ್ಟಣವಾಗಿಯೇ ಉಳಿದು ಭೂತವೂ ಆಗಿದೆ. ಅದರ ಸ್ವಾರಸ್ಯವೆಲ್ಲ ಇರುವುದು ಅಲ್ಲಿಯೇ. ಬಣ್ಣ ಮೆತ್ತಿ ಕಸವನ್ನು ಬೆಳ್ಳಿಯಂತೆ ತೋರಿಸುವ ಕೈಕೆಲಸಗಳನ್ನು ನೋಡಿ ಬೇಸತ್ತವರಿಗೆ ಈ ಗೊಂಬೆಗಳ ಪ್ರಾಮಾಣಿಕತೆ ಬಹಳ ಹಿಡಿಸುತ್ತದೆ.

ತಂದೆಯ ತಲೆಗೇ ಪೆಟ್ಟು

ಯುದ್ಧ ಮುಗಿಯಿತು. 1921ರ ಆರಂಭದಲ್ಲಿ ಕ್ಲೇ ವೈಮಾರ್ ನಗರದ ‘ಬೌಹೌಸ್’ ಎಂಬ ಹೊಸ ಕಲಾಶಾಲೆಯ ಉಪಾಧ್ಯಾಯನಾದನು. ಗೃಹನಿರ್ಮಾಣ, ನೇಯ್ಗೆ, ಕುಂಬಾರಿಕೆ, ಚಿತ್ರಕಲೆಗಳನ್ನೆಲ್ಲ ಒಂದೇ ಸೂರಿನಡಿ ಕಲಿಸಬೇಕೆಂದು ಹೊರಟ ಆ ಸಂಸ್ಥೆಯ ಕೀರ್ತಿ ಭಾರತಕ್ಕೂ ಬೇಗನೆ ತಲುಪಿತು. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆದ ಪ್ರದರ್ಶನದಲ್ಲಿ ಠಾಕೂರ್ ಮನೆತನದ ಕಲಾವಿದರ ಕೃತಿಗಳ ಜೊತೆಯಲ್ಲೇ ಕ್ಲೇಯ ಚಿತ್ರಗಳೂ ಬೌಹೌಸಿನ ಇತರರ ಚಿತ್ರಗಳೂ ತೂಗಿದ್ದುವು. ಅದೇ ಸಮಯದಲ್ಲಿ, ಅತ್ತ ವೈಮಾರಿನಲ್ಲಿ, ಚಿತ್ರಕಾರನ ಮಗನು ಗೊಂಬೆಯಾಟದಿಂದ ದೊಡ್ಡವರನ್ನು ನಗಿಸುತ್ತಿದ್ದನು!

ಹದಿನಾಲ್ಕನೆಯ ವಯಸ್ಸಿನಲ್ಲಿ ಫೆಲಿಕ್ಸ್ ಬೌಹೌಸಿನ ಅತ್ಯಂತ ಕಿರಿಯ ವಿದ್ಯಾರ್ಥಿಯಾಗಿದ್ದನು. ಕಾಸ್ಪರ್ಲನ ಹಳೆಯ ಕಥೆಗಳಿಂದ ಅವನ ಆಟವು ಈಗ ಊರಿನ ಸುದ್ದಿಗೆ ಹೊರಳಿತು. ಶಾಲೆಯೊಳಗಿನ ಜಗಳಗಳು, ಗುರುಗಳ ವಿಲಕ್ಷಣಗಳು, ಅತಿಥಿಗಳ ಠೀವಿ ಎಲ್ಲವೂ ಚೌಕಟ್ಟಿನೊಳಗೆ ಬಂದುವು. ತಂದೆಯು ಇದಕ್ಕೆ ಬೇಕಾದ ಪಾತ್ರಗಳನ್ನು ಒದಗಿಸುತ್ತಲೇ ಇದ್ದನು. ರಾಷ್ಟ್ರಾಭಿಮಾನದ ಅಮಲೇರಿದ ‘ಜರ್ಮನ್ ರಾಷ್ಟ್ರೀಯವಾದಿ’ 1921ರ ಗೊಂಬೆ. ಮರುವರ್ಷ ಕ್ಲೇ ತನ್ನನ್ನೇ ಗೊಂಬೆ ಮಾಡಿಕೊಂಡನು: ದೊಡ್ಡ ತಲೆ, ಅದಕ್ಕಿಂತ ದೊಡ್ಡವೆನಿಸುವ ಕಣ್ಣುಗಳು. ಕುಟುಂಬದ ಸ್ನೇಹಿತೆಯೂ ಹೊಸ ಚಿತ್ರಕಲೆಯ ಅವಿಶ್ರಾಂತ ಪ್ರಚಾರಕಿಯೂ ಆದ ಎಮ್ಮಿ ಶೇಯರಳ ಗೊಂಬೆಯೂ ಅದೇ ವರ್ಷದ್ದು.

ಈ ಇಬ್ಬರನ್ನೂ ಸೇರಿಸಿ ಫೆಲಿಕ್ಸ್ ಆಡಿಸಿದ ಒಂದು ಪ್ರಸಂಗ ಹೀಗಿದೆ. ಎಮ್ಮಿಗೆ ಯಾವ್ಲೆನ್ಸ್ಕಿ ಎಂಬ ಚಿತ್ರಕಾರನ ಮೇಲೆ ಅಪಾರ ಅಭಿಮಾನ. ಅವನ ಚಿತ್ರವೊಂದನ್ನು ಕೊಳ್ಳಲೇಬೇಕೆಂದು ಎಮ್ಮಿಯ ಗೊಂಬೆಯು ಕ್ಲೇಯ ಗೊಂಬೆಯನ್ನು ಕಾಡತೊಡಗುವುದು. ಕ್ಲೇ ಒಲ್ಲೆನೆನ್ನುವನು. ಮತ್ತೆ ಕಾಡುವಳು, ಮತ್ತೆ ಒಲ್ಲೆ. ಕಡೆಗೆ ಎಮ್ಮಿಯು ಸಿಟ್ಟಿನಿಂದ ಆ ಚಿತ್ರವನ್ನೇ ಎತ್ತಿ ಕ್ಲೇಯ ತಲೆಗೆ ಅಪ್ಪಳಿಸಿಬಿಡುವಳು! ತನ್ನ ಕೈಯಿಂದಲೇ ತನ್ನ ಗೊಂಬೆಯನ್ನು ಮಾಡಿ, ಪೆಟ್ಟು ತಿನ್ನಲೆಂದು ಮಗನ ಕೈಗೆ ಒಪ್ಪಿಸುವ ಗುರುಗಳು ಎಲ್ಲ ಶಾಲೆಗಳಲ್ಲೂ ಇದ್ದಾರೆಂದು ಹೇಳಲಾಗದು.

1925ಕ್ಕೆ ಗೊಂಬೆಗಳ ತಯಾರಿಕೆ ನಿಂತಿತು. ಫೆಲಿಕ್ಸನಿಗೆ ಆಗ ಹದಿನೇಳು ವರ್ಷ. ಅವನು ಮುಂದೆ ರಂಗಭೂಮಿಯನ್ನೇ ವೃತ್ತಿಯಾಗಿ ಹಿಡಿದು ನಾಟಕ ನಿರ್ದೇಶಕನಾದನು.

ಪಟ್ಟಿಯಲ್ಲಿಲ್ಲದ ಕೃತಿಗಳು

ಕ್ಲೇ ಲೆಕ್ಕಾಚಾರದ ಮನುಷ್ಯ. 1911ರಿಂದ ತನ್ನ ಕೃತಿಗಳಿಗೆಲ್ಲ ಸಂಖ್ಯೆ ಕೊಟ್ಟು, ಸ್ವಹಸ್ತದಿಂದ ಪಟ್ಟಿ ಬರೆದು ಇಡುತ್ತಿದ್ದನು. ಅವನ ಜೀವಮಾನದ ಚಿತ್ರಗಳು ಒಂಬತ್ತು ಸಹಸ್ರವನ್ನು ಮೀರುತ್ತವೆ. ಬಾಲ್ಯದಲ್ಲಿ ತಾನೇ ಗೀಚಿದ್ದ ಕೆಲವು ಚಿತ್ರಗಳಿಗೂ ಆ ಪಟ್ಟಿಯಲ್ಲಿ ಸ್ಥಾನ ಕೊಟ್ಟಿದ್ದಾನೆ. ಗೊಂಬೆಗಳನ್ನು ಮಾತ್ರ ಸೇರಿಸಲಿಲ್ಲ. ಅವು ಮಗನ ಸ್ವತ್ತು, ಆಡಲು ಕೊಟ್ಟವು. ಆಟದಲ್ಲಿ ಸವೆದವು, ಮುರಿದವು, ಕಳೆದವು. ಹೀಗಾದುದಕ್ಕೆ ಕಲಾವಿಮರ್ಶಕರು ಮರುಗಬಹುದು. ಆ ಬಾಲಕನು ಮರುಗಬೇಕಾದ ಕಾರಣವಿಲ್ಲ.

ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿ ಕ್ಲೇ ಉದ್ಯೋಗ ಕಳೆದುಕೊಂಡು, ವರ್ಷದ ಕೊನೆಗೆ ಪತ್ನೀಸಮೇತನಾಗಿ ಬರ್ನ್ ನಗರಕ್ಕೆ ಹಿಂದಿರುಗಿದನು. 1937ರಲ್ಲಿ ನಾಟ್ಸಿ ಸರಕಾರವು ಜರ್ಮನಿಯ ಸಾರ್ವಜನಿಕ ಸಂಗ್ರಹಗಳಿಂದ ಅವನ 102 ಕೃತಿಗಳನ್ನು ಕಿತ್ತುಕೊಂಡಿತು. ಕೆಲವನ್ನು ‘ಕೆಟ್ಟ ಕಲೆ’ಯೆಂದು ಮೂದಲಿಸಲು ಪ್ರದರ್ಶನಕ್ಕಿಟ್ಟಿತು. ‘ರಾಷ್ಟ್ರೀಯವಾದಿ’ ಗೊಂಬೆಯು ಹದಿನಾರು ವರ್ಷ ಮೊದಲೇ ಅಣಕಿಸಿದ್ದ ಮಂದಿ ಈಗ ಸೇಡು ತೀರಿಸಿಕೊಂಡಂತಾಯಿತು. 1940ರ ಜೂನ್ 29ರಂದು ಕ್ಲೇ ಕಾಲವಾದನು.

ಫೆಲಿಕ್ಸ್ ಜರ್ಮನಿಯಲ್ಲೇ ಉಳಿದಿದ್ದನು. ಹುಟ್ಟುಹಬ್ಬದ ಮೊದಲ ಗೊಂಬೆಗಳನ್ನು, ಬಾಲ್ಯದ ಅತ್ಯಂತ ಪ್ರೀತಿಯ ಒಡನಾಡಿಗಳನ್ನು, ಅವನು ತನ್ನ ಬಳಿಯೇ ಇಟ್ಟುಕೊಂಡಿದ್ದನು. 1945ರ ಮಾರ್ಚ್ 16ರ ರಾತ್ರಿ ವ್ಯೂರ್ತ್ಸ್‌ಬುರ್ಗ್ ನಗರದ ಮೇಲೆ ಬಾಂಬುಗಳು ಸುರಿದವು. ಊರಿನ ಬಹುಭಾಗ ಉರಿದು ಬೂದಿಯಾಯಿತು. ಫೆಲಿಕ್ಸನ ಮನೆಯೂ ಹೋಯಿತು. ಕಾಸ್ಪರ್ಲ್ ಹೋದನು, ಗ್ರೆಟ್ಲ್ ಹೋದಳು. ಸೈನ್ಯಕ್ಕೆ ಸೇರಿಸಲ್ಪಟ್ಟಿದ್ದ ಒಡೆಯನು ರಷ್ಯನರ ಕೈಯಲ್ಲಿ ಸೆರೆಸಿಕ್ಕಿ 1946ರಲ್ಲಿ ಹಿಂದಿರುಗಿದನು. ಆ ಮೊದಲ ಎಂಟರಲ್ಲಿ ಇಂದು ಬರ್ನ್ ನಗರದಲ್ಲಿ ಉಳಿದಿರುವುದು ಒಂದೇ ಒಂದು—ಶ್ರೀಮಾನ್ ಮೃತ್ಯು.

2005ರಲ್ಲಿ ಬರ್ನ್‌ನಲ್ಲಿ ಕ್ಲೇಯ ಹೆಸರಿನ ಭವ್ಯ ಕಲಾಕೇಂದ್ರವು ತೆರೆಯಿತು. ಅಳಿದುಳಿದ ಮೂವತ್ತು ಗೊಂಬೆಗಳಿಗೆ ಅದೇ ಈಗ ಮನೆ. ಬೆರಳು ತೂರಿಸಿ ಕುಣಿಸುವವರು ಮಾತ್ರ ಅಲ್ಲಿಲ್ಲ.

ನಮ್ಮ ಮನೆಯ ಮೂಲೆಯಲ್ಲಿ

ಮುಟ್ಟಬಾರದ ಗೊಂಬೆಗಳೆಂದರೆ ನಮ್ಮವರಿಗೆ ನೆನಪಾಗುವುದು ನವರಾತ್ರಿ. ಪಟ್ಟದ ಗೊಂಬೆಗಳನ್ನು ಮೆಟ್ಟಿಲುಗಳ ಮೇಲೆ ಕೂರಿಸಿದ ಮೇಲೆ ಮಕ್ಕಳ ಕೈಗಳನ್ನು ದೂರವಿಡುವುದೇ ಮನೆಯ ಹಿರಿಯರಿಗೆ ಒಂಬತ್ತು ದಿನಗಳ ಕೆಲಸ. ಇನ್ನು ಆಡಿಸುವ ಗೊಂಬೆಗಳಲ್ಲಿ ಕನ್ನಡ ನಾಡಿಗೆ ಚಿರಪರಿಚಿತವಾದವು ತೊಗಲುಗೊಂಬೆ ಮತ್ತು ಸೂತ್ರದ ಗೊಂಬೆ. ಎರಡೂ ವಂಶಪಾರಂಪರ್ಯವಾಗಿ ಬಂದ ವಿದ್ಯೆಗಳು. ಕೈಗೊಂಬೆಗೆ ಕೇರಳದಲ್ಲಿ ‘ಪಾವಕಥಕಳಿ’ಯೆಂಬ ಸಂಪ್ರದಾಯವಿದ್ದರೂ ನಮ್ಮಲ್ಲಿ ಅದರ ಬಳಕೆ ಕಡಿಮೆ. ಆದರೆ ಬೇಸಗೆಯ ರಜೆಯಲ್ಲಿ ಮನೆಯಲ್ಲೇ ಮಾಡಿ ಅಂದೇ ಆಡಲು ಇದರಷ್ಟು ಅನುಕೂಲವಾದುದು ಬೇರೊಂದಿಲ್ಲ. ಗಾರೆಯ ಪುಡಿಯ ಬದಲು ಹಳೆಯ ವೃತ್ತಪತ್ರಿಕೆಯೇ ಸಾಕು. ಬಿದ್ದರೆ ಒಡೆಯುವುದೂ ಇಲ್ಲ.

ಮುಗಿದುಹೋದ ಮದುವೆಯ ಆಮಂತ್ರಣ ಪತ್ರಿಕೆಯನ್ನು, ಆಡಿಸುವವರ ತೋರುಬೆರಳು ಸಡಿಲವಾಗಿ ಹಿಡಿಯುವಂತೆ ಸುತ್ತಿ, ಎರಡು ಮೂರು ಅಂಗುಲ ಉದ್ದದ ಕೊಳವೆ ಮಾಡಬೇಕು. ಅದರ ಮೇಲ್ತುದಿಗೆ ಕಾಗದವನ್ನು ಮುದುಡಿ ಉಂಡೆಮಾಡಿ ದಾರದಿಂದ ಬಿಗಿಯಬೇಕು. ಕೆಳಗೆ ಒಂದಂಗುಲ ಕುತ್ತಿಗೆ ಉಳಿದಿರಲಿ. ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಕಾಯಿಸಿದ ಅಂಟಿನಲ್ಲಿ ಕಾಗದದ ಪಟ್ಟಿಗಳನ್ನು ಅದ್ದಿ ಉಂಡೆಯ ಮೇಲೆ ಅಂಟಿಸುತ್ತ ಬರಬೇಕು. ಪಟ್ಟಿಗಳನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದಲೇ ಹರಿಯತಕ್ಕದ್ದು. ಹರಿದ ಅಂಚು ಒಂದರೊಳಗೊಂದು ಬೆರೆಯುವುದು, ಕತ್ತರಿಸಿದ ಅಂಚು ಎದ್ದು ಕಾಣುವುದು. ಇಂಥ ನಾಲ್ಕೈದು ಪದರಗಳು ಬೇಕು. ಒಂದು ಪದರಕ್ಕೆ ಕನ್ನಡ ಪತ್ರಿಕೆ, ಮುಂದಿನದಕ್ಕೆ ಇಂಗ್ಲಿಷ್ ಪತ್ರಿಕೆ ಬಳಸಿದರೆ ಎಲ್ಲಿ ಬಿಟ್ಟುಹೋಗಿದೆಯೆಂಬುದು ಕೂಡಲೇ ಗೊತ್ತಾಗುವುದು. ಪದರಗಳ ನಡುವೆ ಒಣಗಲು ಬಿಡುವುದನ್ನು ಅವಸರದಲ್ಲಿ ಮರೆತರೆ ಒಳಗೆ ಬೂಸಲು ಹಿಡಿಯುವುದು; ಮಳೆಗಾಲದಲ್ಲಂತೂ ಎರಡು ಮೂರು ದಿನ ಕಾಯಲೇಬೇಕು.

ಮೂಗು, ಹುಬ್ಬು, ಕಿವಿಗಳಿಗೆ ಕಾಗದದ ರೊದ್ದ. ಚೂರುಕಾಗದವನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಕುಟ್ಟಿ ಹಿಂಡಿ, ಅದೇ ಅಂಟನ್ನೂ ಒಂದಿಷ್ಟು ಮೆಂತ್ಯದ ಹಿಟ್ಟನ್ನೂ ಬೆರೆಸಿ ನಾದಿದರೆ ಚಪಾತಿಯ ಹಿಟ್ಟಿನ ಹದ ಬರುವುದು. ಮೆಂತ್ಯವು ಅಂಟನ್ನು ಹೆಚ್ಚಿಸುವುದಲ್ಲದೆ ತನ್ನ ಕಹಿಯಿಂದ ಹುಳುವನ್ನೂ ದೂರವಿಡುವುದು. ಕುತ್ತಿಗೆಯ ಕೆಳ ಅಂಚಿಗೆ ದಪ್ಪ ಹುರಿಯನ್ನು ಒಂದು ಸುತ್ತು ಸುತ್ತಿ ಅದರ ಮೇಲೂ ಕಾಗದ ಅಂಟಿಸುವುದನ್ನು ಮರೆಯಬಾರದು. ಈ ಏಣು ಇಲ್ಲದಿದ್ದರೆ ನಾಟಕದ ನಡುವೆ ರಾಜನ ಅಂಗಿ ಕಳಚಿ ಬಿದ್ದೀತು. ಪೂರ್ತಿ ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ಒಂದು ಕೈ ಬಳಿದು, ಬಣ್ಣ ಹಚ್ಚಬಹುದು.

ಅಂಗಿಗೆ ಹಳೆಯ ಸೀರೆಯಂಥ ಮೆತ್ತನೆಯ ಬಟ್ಟೆಯೇ ಲೇಸು. ಮಗುವಿನ ಕೈಯನ್ನು ಕಾಗದದ ಮೇಲಿಟ್ಟು, ಹೆಬ್ಬೆರಳನ್ನೂ ನಡುಬೆರಳನ್ನೂ ಅಗಲಿಸಿ, ಸುತ್ತಲೂ ಎರಡು ಬೆರಳಿನಷ್ಟು ಬಿಟ್ಟು ಗೆರೆ ಎಳೆದರೆ ಅದೇ ಅಳತೆ. ಎರಡು ತುಂಡು ಕತ್ತರಿಸಿ ಹೊಲಿದು ಕುತ್ತಿಗೆಗೆ ಕಟ್ಟುವುದು. ದೊಡ್ಡವರ ಅಳತೆಗೆ ಹೊಲಿದ ಗೊಂಬೆಯು ಮಗುವಿನ ಕೈಯಲ್ಲಿ ಜೋತುಬೀಳುವುದು.

ಇಷ್ಟೆಲ್ಲ ಶ್ರಮವೂ ಬೇಡವೆನ್ನುವವರಿಗೆ ಕ್ಲೇಯ ಎರಡನೆಯ ದಾರಿ ತೆರೆದೇ ಇದೆ. ತೆಂಗಿನ ಕರಟಕ್ಕೆ ಹುಟ್ಟಿನಿಂದಲೇ ಮೂರು ಕಣ್ಣು. ಅದನ್ನು ಮುಖವಾಗಿಸಲು ಮನುಷ್ಯನು ಮಾಡಬೇಕಾದುದು ಹೆಚ್ಚೇನೂ ಇಲ್ಲ. ತೆಂಗಿನ ನಾರು ಋಷಿಗೆ ಗಡ್ಡವಾಗಲು ಕಾದಿದೆ. ಹಲ್ಲುಜ್ಜಿ ಸವೆದ ಬ್ರಷ್ಷು ಫೌಜುದಾರನ ಮೀಸೆ. ಹಿಡಿ ಮುರಿದ ಸೌಟಿನಲ್ಲಿ ಸದಾ ಬಾಯಿ ತೆರೆದ ಅತ್ತೆಯೊಬ್ಬಳು ಅಡಗಿರಬಹುದು. ಜೊತೆ ತಪ್ಪಿದ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಎರಡು ಗುಂಡಿ ಹೊಲಿದರೆ ಹಾವು. ಮನೆಯಲ್ಲಿ ಎಳೆಯ ಕೂಸಿದ್ದರೆ ಮಾತ್ರ ಗುಂಡಿ ಬೇಡ, ದಾರದಿಂದಲೇ ಕಣ್ಣು ಬಿಡಿಸತಕ್ಕದ್ದು. ವಿದ್ಯುತ್ ಪಿಶಾಚಿಯ ಆಸೆಯುಳ್ಳವರು ಗುಜರಿಗೆ ಎಸೆದ ಸಾಕೆಟ್ಟನ್ನೇ ಆರಿಸಿಕೊಳ್ಳಬೇಕು. ಗೋಡೆಯಲ್ಲಿರುವ ಸಾಕೆಟ್ಟಿನ ತಂಟೆ ಬೇಡ.

ರಂಗಮಂಟಪವೆಂದರೆ ನಡುಮನೆಯ ಬಾಗಿಲಿಗೆ ಅಡ್ಡಲಾಗಿ ಕಟ್ಟಿದ ಒಂದು ಸೀರೆ. ಹಿಂದೆ ಕುಳಿತ ಮಕ್ಕಳ ತಲೆ ಕಾಣದಷ್ಟು ಎತ್ತರವಿದ್ದರೆ ಆಯಿತು. ಕಥೆಗಾಗಿ ಪುರಾಣವನ್ನೇ ತಡಕಬೇಕಾಗಿಲ್ಲ. ಫೆಲಿಕ್ಸನು ತೋರಿಸಿದಂತೆ ಮನೆಯ ಮಂದಿಯೇ ಪಾತ್ರಗಳಾಗಬಲ್ಲರು. ನೀರು ಬೆರೆಸಿದ ಹಾಲಿನವನು, ಬಾಡಿಗೆ ಕೇಳುವ ಮನೆಯೊಡೆಯ, ಎಷ್ಟು ಕರೆದರೂ ಪತ್ರಿಕೆಯಿಂದ ತಲೆಯೆತ್ತದ ಅಪ್ಪ—ಪ್ರೇಕ್ಷಕರು ಬಲ್ಲ ಪಾತ್ರವಾದಷ್ಟೂ ನಗೆ ಹೆಚ್ಚು. ಅಪ್ಪನ ಪಾತ್ರಕ್ಕೆ ಬೇಕಾದ ಹಳೆಯ ಕನ್ನಡಕದ ಚೌಕಟ್ಟನ್ನು ಮಾತ್ರ ಕೇಳಿಯೇ ತೆಗೆದುಕೊಳ್ಳುವುದು ಒಳ್ಳೆಯದು.